ಯೆರಿಕೋ ಗೋಡೆ ಮತ್ತು ವಕೀಲರ ಗದ್ದೆ

ವಕೀಲ ಶಿವಶರಣಪ್ಪನವರ ಮನೆ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೋದ ತಿಂಗಳು ಶಹಾಪುರದಲ್ಲಿ ಅವರ ಪುಸ್ತಕ ಬಿಡುಗಡೆಯಾಯಿತು. ತಾಲೂಕಿನ ಸಮಗ್ರ ಇತಿಹಾಸವಂತೆ. ಇತಿಹಾಸದ ನಿವೃತ್ತ ಉಪನ್ಯಾಸಕಿ ಅಂತ ನನಗೂ ಕರೆ ಬಂದಿತ್ತು. ಹೋಗಬಾರದಿತ್ತು, ಆದರೂ ಹೋದೆ. ಈ ಮನುಷ್ಯ ಇನ್ನೇನು ಬರೆದಿರಬಹುದು ಎಂಬ ಕೆಟ್ಟ ಕುತೂಹಲ ಎಳೆದುಕೊಂಡು ಹೋಯಿತು. ಶಾಲು, ಹಾರ, ಭಾಷಣ ಎಲ್ಲ ಮುಗಿದ ಮೇಲೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಟ್ಟು ಊಟಕ್ಕೆ ಕೂರಿಸಿದರು. ಬಡಿಸುವವ ಅನ್ನದ ಬುಟ್ಟಿ ಹಿಡಿದು ನನ್ನ ಮುಂದೆ ನಿಂತ. "ಉಣ್ರಿ ಅಕ್ಕೋರೆ. ಪ್ಯಾಟಿ ಅಕ್ಕಿ ಅಲ್ಲ, ವಕೀಲ್ರ ಸ್ವಂತ ಗದ್ದೀದು. ಕಾಲುವಿ ದಂಡಿಗಿ ಅದ ಅಲ್ರಿ, ಅಲ್ಲೀದು."

ಬಿಸಿ ಅನ್ನದ ಹಬೆ ಮುಖಕ್ಕೆ ಬಡಿಯಿತು. ಒಳ್ಳೆ ಅಕ್ಕಿ, ಘಮಘಮ ಅನ್ನುತ್ತಿತ್ತು. ನಾನು ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ. ಪಿತ್ತವಾಗಿದೆ ಎಂದು ಸುಳ್ಳು ಹೇಳಿ ಎದ್ದು ಬಂದೆ.

ಆ ಅಕ್ಕಿ ಬೆಳೆದ ನೆಲ ನನಗೆ ಗೊತ್ತು. ಅದು ಗದ್ದೆಯಾದ ವರ್ಷವೂ ಗೊತ್ತು. ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಮುದನಾಳದ ನಮ್ಮ ಮನೆಯಿಂದ ದಿನಾ ಯಾದಗಿರಿಗೆ ಬಂದು, ಅಲ್ಲಿಂದ ಭೀಮೆ ದಾಟಿ ಶಹಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೃಷ್ಣೆಯ ಕಾಲುವೆ ಶಹಾಪುರ, ಸುರಪುರದ ಕಡೆ ಬಂದು ವರ್ಷಗಳಾಗಿದ್ದವು. ಆದರೆ ಆ ಗದ್ದೆ ಇರುವ ಊರಿನ ತೂಬಿಗೆ ನೀರು ಮುಟ್ಟಿದ್ದು ಆ ಮಳೆಗಾಲದಲ್ಲಿ. ಜೋಳ, ತೊಗರಿ, ಹತ್ತಿ ಬೆಳೆಯುತ್ತಿದ್ದ ಕರಿ ಭೂಮಿಯನ್ನು ಜೆಸಿಬಿ ತಂದು ಮಟ್ಟ ಮಾಡಿ ಗದ್ದೆ ಮಾಡತೊಡಗಿದರು. ಸುರಪುರದ ಕಡೆ ಹೋದರೆ ಬಸ್ಸಿನ ಕಿಟಕಿಯಿಂದ ಮೊದಲು ಬರುತ್ತಿದ್ದದ್ದು ಒಣ ಮಣ್ಣಿನ ವಾಸನೆ. ಆ ವರ್ಷದಿಂದ ಔಷಧಿ ಹೊಡೆದ ಪೈರಿನ ವಾಸನೆ, ಕೊಳೆತ ಹುಲ್ಲಿನ ವಾಸನೆ, ಸಂಜೆಯಾದರೆ ಸೊಳ್ಳೆ. ಆದರೂ ನೀರಿಗೆ ಬೈಯುವವಳು ನಾನಲ್ಲ. ಕೂಲಿ ಹುಡುಕಿ ಪುಣೆಗೆ, ಬೊಂಬಾಯಿಗೆ ಹೋಗುತ್ತಿದ್ದ ಎಷ್ಟೋ ಜನ ನೀರು ಬಂದಿದ್ದಕ್ಕೆ ಊರಲ್ಲಿ ಉಳಿದರು. ನನಗೆ ಹೇಸಿಗೆ ಬಂದದ್ದು ನೀರಿನಿಂದಲ್ಲ, ಮನುಷ್ಯರಿಂದ.

ಆ ವರ್ಷದ ನನ್ನ ಭಾನುವಾರಗಳೆಲ್ಲ ಯಾದಗಿರಿಯ ಸಮುವೇಲಪ್ಪ ಮಾಸ್ತರರ ಮಾಳಿಗೆಯ ಮೇಲೆ ಕಳೆದವು. ಮಾಸ್ತರರು ನಿವೃತ್ತ ಶಾಲಾ ಶಿಕ್ಷಕರು. ಅಜ್ಜನ ಕಾಲದಿಂದ ಕ್ರೈಸ್ತರು. ನಮ್ಮಪ್ಪನ ಗೆಳೆಯರು. ನಮ್ಮ ಮನೆಯಲ್ಲಿ ಬುದ್ಧನ ಪಟ, ಅವರ ಮನೆಯಲ್ಲಿ ಶಿಲುಬೆ. ಇಬ್ಬರಿಗೂ ಪುಸ್ತಕದ ಹುಚ್ಚು. ಪಾದ್ರಿಗಳಾಗುವವರಿಗೆ ಪಾಠ ಹೇಳುತ್ತಿದ್ದ ಅವರ ಗೆಳೆಯರೊಬ್ಬರು ಊರು ಬಿಡುವಾಗ ತಮ್ಮ ಪುಸ್ತಕಗಳನ್ನು ಮಾಸ್ತರರಿಗೆ ಕೊಟ್ಟು ಹೋಗಿದ್ದರು. ಎಲ್ಲವೂ ಆಗಷ್ಟೇ ಬಂದ ಹೊಸ ಇಂಗ್ಲಿಷ್ ಪುಸ್ತಕಗಳು. ಬೈಬಲ್ಲಿನ ಇತಿಹಾಸದ ಬಗ್ಗೆ, ಅದರ ಕಥೆಗಳು ನಡೆದವೆನ್ನುವ ನೆಲವನ್ನು ಅಗೆದವರು ಬರೆದ ಪುಸ್ತಕಗಳು. ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ಮಾಸ್ತರರು ಅವನ್ನು ಓದಿ ನಿದ್ದೆಗೆಟ್ಟರು.

"ಇವೆಲ್ಲಾ ನಮ್ಮ ಮಂದಿಗಿ ಗೊತ್ತಾಗಬೇಕು ಅಕ್ಕೋರೆ," ಎಂದರು ಒಂದು ದಿನ. ನಾನು ಮಗಳ ವಯಸ್ಸಿನವಳಾದರೂ ನನ್ನನ್ನು ಅಕ್ಕೋರೆ ಎಂದೇ ಕರೆಯುತ್ತಿದ್ದರು, ಪಾಠ ಹೇಳುವವಳೆಂಬ ಮರ್ಯಾದೆಗೆ. "ಭಾನುವಾರದ ಶಾಲಿ ನಡೆಸೋರಿಗಿ, ಹಳ್ಳಿ ಸಭಾದಾಗ ದೇವರ ವಾಕ್ಯ ಹೇಳೋರಿಗಿ ಕನ್ನಡದಾಗ ಒಂದು ಪುಸ್ತಕ ಬೇಕು. ಏನು ಸಿಕ್ಕದ, ಏನು ಸಿಕ್ಕಿಲ್ಲ, ಪಂಡಿತರು ಎಲ್ಲಿ ಜಗಳಾಡಾಕತ್ತಾರ, ಎಲ್ಲಾ ಹೇಳಬೇಕು. ಇದೊಂದು ಇಡಿಯಾಗಿ ಹೊರಗ ಬಂದ್ರ ಸಾಕು, ನಾ ಹುಟ್ಟಿದ್ದಕ್ಕ ಸಾರ್ಥಕ."

ಮಾತು ದೊಡ್ಡದಾಯಿತೇನೋ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರು ಅಳತೆ ಮಾಡಿಯೇ ಹೇಳಿದ್ದರು.

ಕೆಲಸದ ರೀತಿ ಹೀಗಿತ್ತು. ಮಾಸ್ತರರು ಇಂಗ್ಲಿಷ್ ಓದಿ ತಿಳಿದುಕೊಂಡು ಯಾದಗಿರಿಯ ಮಾತಿನಲ್ಲಿ ಹೇಳುವರು. ನಾನು ಅದನ್ನು ಪುಸ್ತಕದ ಕನ್ನಡಕ್ಕೆ ತಂದು ಬರೆಯುವೆ. ಬರೆದ ಪ್ರತಿ ಸಾಲನ್ನೂ ಅವರ ಹೆಂಡತಿ ಮಾರ್ತಮ್ಮನವರಿಗೆ ಓದಿ ಹೇಳಬೇಕು. ಮಾರ್ತಮ್ಮ ಮೊರದಲ್ಲಿ ಬೇಳೆ ಹಸನು ಮಾಡುತ್ತಾ ಕೇಳುವರು. ತಿಳಿದರೆ "ಹ್ಞೂಂ, ಮುಂದಿಂದು ಓದ್ರಿ" ಎನ್ನುವರು. ತಿಳಿಯದಿದ್ದರೆ, ಅಥವಾ ಸುಳ್ಳಿನ ವಾಸನೆ ಬಂದರೆ, "ಹೊಡೀರಿ" ಎನ್ನುವರು. ಅವರು ಹೊಡಿ ಅಂದ ಸಾಲನ್ನು ಮಾಸ್ತರರು ಎಂದೂ ಉಳಿಸಿಕೊಂಡವರಲ್ಲ. ನಾನು ಕಷ್ಟಪಟ್ಟು ಕಟ್ಟಿದ ಎಷ್ಟೋ ಚಂದದ ವಾಕ್ಯಗಳು ಬೇಳೆಯೊಳಗಿನ ಕಲ್ಲಿನ ಜೊತೆಗೆ ಮಾಳಿಗೆಯಿಂದ ಕೆಳಗೆ ಹೋದವು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಆಮೇಲೆ, ಬರೆಯುವಾಗಲೇ ಮಾರ್ತಮ್ಮನವರ ಮುಖ ಕಾಣತೊಡಗಿತು.

ಯೆರಿಕೋ ಪಟ್ಟಣದ ಅಧ್ಯಾಯಕ್ಕೆ ಬಂದಾಗ ಜಗಳ ಶುರುವಾಯಿತು. ಜನ ಪಟ್ಟಣವನ್ನು ಸುತ್ತಿ, ಕೊಂಬು ಊದಿ, ಆರ್ಭಟಿಸಿದಾಗ ಗೋಡೆ ತಾನಾಗಿ ಬಿತ್ತು ಎಂಬ ಕಥೆ ಎಲ್ಲರಿಗೂ ಗೊತ್ತು. ಮಾಸ್ತರರೇ ಶಾಲೆಯ ಮಕ್ಕಳಿಂದ ಅದನ್ನು ನಾಟಕವಾಡಿಸಿದ್ದವರು. ಹೊಸ ಪುಸ್ತಕಗಳು ಬೇರೆ ಹೇಳುತ್ತಿದ್ದವು. ಅಲ್ಲಿಯ ದಿಬ್ಬವನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಬೇರೆ ಬೇರೆಯವರು ಅಗೆದಿದ್ದಾರೆ. ಬಿದ್ದ ಗೋಡೆಗಳು ಇವೆ, ಸುಟ್ಟ ಪದರೂ ಇದೆ. ಆದರೆ ಅವು ಕಥೆಯ ಕಾಲ ಎಂದು ಲೆಕ್ಕ ಹಾಕುವ ಕಾಲಕ್ಕಿಂತ ಎಷ್ಟೋ ಹಿಂದಿನವು. ಕಥೆಯ ಕಾಲದ ಗೋಡೆ ಮಾತ್ರ ಈವರೆಗೆ ಸಿಕ್ಕಿಲ್ಲ. ಮಳೆಗಾಳಿಗೆ ಸವೆದು ಹೋಯಿತೆಂದು ಕೆಲವರು, ಆಗ ಅಲ್ಲಿ ಊರೆಂಬುದೇ ಅಷ್ಟಕ್ಕಷ್ಟೆ ಎಂದು ಹಲವರು.

ನಾನು ಬರೆದುಕೊಂಡು ಓದಿದೆ: "ಆ ಕಾಲದಲ್ಲಿ ಯೆರಿಕೋದಲ್ಲಿ ಗೋಡೆ ಇರಲಿಲ್ಲ."

"ಸಿಕ್ಕಿಲ್ಲ ಅಂದಾರ ಅಕ್ಕೋರೆ, ಇರಲಿಲ್ಲ ಅಂದಿಲ್ಲ," ಎಂದರು ಮಾಸ್ತರರು.

"ಇಷ್ಟು ಅಗೆದ ಮ್ಯಾಲೂ ಸಿಕ್ಕಿಲ್ಲ ಅಂದ್ರ ಇರಲಿಲ್ಲ ಅಂತನ ಅರ್ಥ ಅಲ್ರಿ?" ಎಂದೆ ನಾನು.

ಮಾರ್ತಮ್ಮ ಮೊರ ಕೆಳಗಿಟ್ಟರು. "ನಿನ್ನಿ ಟ್ರಂಕಿನ ಕೀಲಿ ಸಿಕ್ಕಿಲ್ಲ ಅಂತ ಇವರಿಗಿ ಹೇಳಿದೆ. ಕೀಲಿ ಇಲ್ಲ ಅಂದ್ನೇನು? ಇಲ್ಲ ಅಂದಿದ್ರ ಇವರು ಟ್ರಂಕೇ ಒಡೀತಿದ್ರು. ಹೊಡೀರಿ ಆ ಸಾಲು."

ಮಾಸ್ತರರು ನಕ್ಕು ನಕ್ಕು ಕೆಮ್ಮಿದರು. ಅವತ್ತೇ ನಮ್ಮ ಪುಸ್ತಕಕ್ಕೆ ಒಂದು ಕಾನೂನಾಯಿತು. ಸಿಗದಿದ್ದದ್ದನ್ನು ಸಿಕ್ಕಿಲ್ಲ ಎಂದೇ ಬರೆಯಬೇಕು. ಇರಲಿಲ್ಲ ಎನ್ನುವ ಅಧಿಕಾರ ನಮಗಿಲ್ಲ. ಮಾಸ್ತರರು ಅದಕ್ಕೆ ದಾವೀದ ರಾಜನ ಉದಾಹರಣೆ ಹಾಕಿಸಿದರು. ದಾವೀದ ಎಂಬವನೇ ಇರಲಿಲ್ಲ, ಎಲ್ಲ ಕಟ್ಟುಕಥೆ ಎಂದು ಕೆಲವು ಪಂಡಿತರು ಹೇಳುತ್ತಿದ್ದಾಗ, ಆ ನಾಡಿನ ಉತ್ತರದ ಒಂದು ದಿಬ್ಬದಲ್ಲಿ, ಯಾರೋ ಹಳೆ ಕಾಲದವರು ಗೋಡೆಗೆ ಹಾಕಿ ಕಟ್ಟಿದ್ದ ಒಡೆದ ಕಲ್ಲಿನ ಮೇಲೆ ದಾವೀದನ ಮನೆತನ ಎಂಬ ಬರಹ ಸಿಕ್ಕಿತು. ಅದನ್ನು ಹಾಗೆ ಓದಬಾರದೆಂದು ತಕರಾರು ತೆಗೆದವರೂ ಉಂಟು. ಮಾಸ್ತರರು ಅವರ ತಕರಾರನ್ನೂ ಬಿಡದೆ ಬರೆಸಿದರು. "ನಮಗ ಬೇಕಾದ್ದು ಅಷ್ಟ ಆರಿಸಿಕೊಂಡ್ರ ಅದು ಪುಸ್ತಕ ಅಲ್ರಿ, ಸಂತಿ," ಎನ್ನುತ್ತಿದ್ದರು.

ಯೆರಿಕೋ ಅಧ್ಯಾಯದ ಕೊನೆಗೆ ನಮ್ಮ ಸೀಮೆಯದೇ ಒಂದು ಉದಾಹರಣೆ ಬೇಕೆಂದರು. ಅದಕ್ಕೇ ಅವರನ್ನು ಬೂದಿ ದಿಬ್ಬಕ್ಕೆ ಕರೆದುಕೊಂಡು ಹೋದೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಇಳಿದು, ಹೊಸ ಕಾಲುವೆಯ ದಂಡೆ ಹಿಡಿದು ನಡೆದರೆ, ಹೊಲಗಳ ನಡುವೆ ಅದು ಬೂದುಬಣ್ಣದ ಗುಡ್ಡದ ಹಾಗೆ ಗುಂಡಗೆ ಕೂತಿರುತ್ತಿತ್ತು. ರಕ್ಕಸರನ್ನು ಸುಟ್ಟ ಬೂದಿ ಎಂದು ಸುತ್ತಲಿನ ಜನ ಹೇಳುತ್ತಿದ್ದರು. ಅಗೆದು ನೋಡಿದ ಪಂಡಿತರು ಬೇರೆ ಹೇಳಿದ್ದಾರೆ. ಇಂಥ ದಿಬ್ಬಗಳು ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ದನ ಕಟ್ಟುತ್ತಿದ್ದವರು ಸಗಣಿಯನ್ನು ರಾಶಿ ಹಾಕಿ ಸುಟ್ಟಿದ್ದರಿಂದ ಆದವು ಎಂದು. ದಿಬ್ಬದ ಬುಡದಲ್ಲಿ ಪುರಾತತ್ವ ಇಲಾಖೆಯ ನೀಲಿ ತಗಡಿನ ಬೋರ್ಡು ಇತ್ತು. ಇದನ್ನು ಕೆಡಿಸಿದವರಿಗೆ ಶಿಕ್ಷೆ ಎಂದು ಬರೆದಿತ್ತು. ದಿಬ್ಬದ ಮೇಲೆ ಮಾಳಪ್ಪನ ಕುರಿಹಟ್ಟಿ ಇತ್ತು. ಮಾಳಪ್ಪ ಆ ಊರಿನ ಕುರಿಗಾರ. ಮಳೆ ಬಂದರೂ ಬೂದಿ ಕೆಸರಾಗುವುದಿಲ್ಲ ಎಂದು ಅವನ ಹಿರಿಯರ ಕಾಲದಿಂದಲೂ ರಾತ್ರಿ ಕುರಿ ತರುಬಿ ನಿಲ್ಲಿಸುತ್ತಿದ್ದದ್ದು ಅಲ್ಲೇ.

ಮಾಸ್ತರರು ಕುಕ್ಕರುಗಾಲಲ್ಲಿ ಕೂತು ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಹಿಂದಿನ ದಿನ ಮಳೆಯಾಗಿತ್ತು. ನೀರು ಬಿದ್ದ ಒಲೆಯ ವಾಸನೆ ಬರುತ್ತಿತ್ತು.

"ಮಾಳಪ್ಪ, ಇದು ರಕ್ಕಸರದ್ದಲ್ಲಪಾ. ನಿಮ್ಮಂಥ ದನಗಾರರ ಕೆಲಸ ಇದು," ಎಂದರು.

ಮಾಳಪ್ಪ ದಿಬ್ಬವನ್ನು ಮೇಲಿಂದ ಕೆಳಗೆ ನೋಡಿದ. "ಹೌದೇನ್ರಿ? ಹಂಗಾದ್ರ ಅವರಿಗಿ ಭಾಳ ದನ ಇದ್ವು ಬಿಡ್ರಿ. ನಮ್ಮ ಮುತ್ಯಾ ಕೇಳಿದ್ರ ಬ್ಯಾಸರ ಮಾಡ್ಕೋತಿದ್ದ, ರಕ್ಕಸರು ಹೋಗ್ಯಾರಂತ."

ಹಿಂತಿರುಗುವಾಗ ಬಸ್ಸಿನಲ್ಲಿ ಮಾಸ್ತರರು ಒಂದೇ ಸಮನೆ ಮಾತಾಡಿದರು. ಕಥೆ ಹೋಯಿತೆಂದು ಅಳಬೇಕಾಗಿಲ್ಲ, ಕಥೆಯ ಹಿಂದೆ ಮನುಷ್ಯರು ಸಿಕ್ಕರು, ಯೆರಿಕೋದಲ್ಲಿ ಆದದ್ದೂ ಅದೇ ಎಂದರು. ಆ ಮಾತನ್ನೇ ಅಧ್ಯಾಯದ ಕೊನೆಗೆ ಇಟ್ಟೆವು. ಮಾರ್ತಮ್ಮ ಕೇಳಿ, "ಮುಂದಿಂದು ಓದ್ರಿ" ಎಂದರು. ಮುಂದೆ ಇರಲಿಲ್ಲ. ಉಳಿದ ಅಧ್ಯಾಯಗಳು ಆಗಲೇ ಆಗಿದ್ದವು, ಪುಸ್ತಕ ಮುಗಿದಿತ್ತು.

ಅಚ್ಚು ಮಾಡುವವರು ಬೇಕಲ್ಲ. ಆಗ ಬಂದವರು ವಕೀಲ ಶಿವಶರಣಪ್ಪನವರು. ಕೋರ್ಟಿನ ಕೆಲಸದ ಜೊತೆಗೆ ಅವರಿಗೆ ಶಹಾಪುರದಲ್ಲಿ ಸ್ವಂತ ಮುದ್ರಣಾಲಯವಿತ್ತು. ಇತಿಹಾಸ ವೇದಿಕೆಯೊಂದರ ಅಧ್ಯಕ್ಷರೂ ಅವರೇ. ಹಳೆ ಕಲ್ಲು ಉಳಿಸಿರಿ, ಹಳೆ ಗುಡಿ ಉಳಿಸಿರಿ ಎಂದು ನಮ್ಮ ಕಾಲೇಜಿಗೆ ಬಂದು ಭಾಷಣ ಮಾಡುತ್ತಿದ್ದರು. ಶಿರವಾಳದ ಹಳೆ ಗುಡಿಗಳ ಮುಂದೆ ನಿಂತು ಕಣ್ಣೀರು ಹಾಕಿದ್ದನ್ನೂ ನಾನು ನೋಡಿದ್ದೇನೆ. "ಪುಸ್ತಕ ಕೊಡ್ರಿ ಅಕ್ಕೋರೆ, ನಾ ಅಚ್ಚು ಮಾಡ್ತೀನಿ. ಇದು ನನ್ನ ಸೇವಾ ಅಂತ ತಿಳೀರಿ," ಎಂದರು. ನಾವು ಹಸ್ತಪ್ರತಿಯನ್ನು ಕೊಟ್ಟೆವು. ಝೆರಾಕ್ಸ್ ಮಾಡಿಸಿದ್ದು ಮೊದಲಿನ ಒಂದೆರಡು ಅಧ್ಯಾಯ ಮಾತ್ರ. ಉಳಿದದ್ದನ್ನು ಅಚ್ಚಿನಲ್ಲೇ ನೋಡೋಣ ಎಂದು ಮಾಸ್ತರರಿಗೆ ಅವಸರ.

ಕೆಲವು ದಿನಗಳ ಮೇಲೆ ವಕೀಲರು ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಯೆರಿಕೋ ಅಧ್ಯಾಯವನ್ನು ಬೇರೆ ತೆಗೆದಿಟ್ಟಿದ್ದರು. "ಉಳಿದದ್ದು ಇರಲಿ ಬಿಡ್ರಿ ಮಾಸ್ತರ. ಇದೊಂದ ಸಾಕು. ಇದನ್ನ ಸಣ್ಣ ಪುಸ್ತಕ ಮಾಡಿ ಊರೂರಿಗಿ ಹಂಚೋಣು. ಮತಾಂತರ ಮಾಡ್ತಾರಲ್ಲ, ಅವರಿಗಿ ಅವರವನ ಕೈಲಿ ಉತ್ತರ ಕೊಟ್ಟಂಗ ಆತದ."

ಮಾಸ್ತರರು ಆ ಹಾಳೆಗಳ ಮೇಲೆ ಕೈಯಿಟ್ಟರು. "ನಾ ಯಾರಿಗೂ ಉತ್ತರ ಕೊಡಾಕ ಬರೆದಿಲ್ರಿ ಇದನ್ನ," ಎಂದರು.

ಆ ವಾರವೇ ಮಾಸ್ತರರ ಮನೆಗೆ, ಅವರು ಹೋಗುವ ಚರ್ಚಿನ ಸಭೆಯ ಪಾಸ್ಟರ್ ಜಯಪಾಲ ಬಂದರು. ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಚಹಾ ಕುಡಿದು, ಪ್ರಾರ್ಥನೆ ಮಾಡಿ, ಆಮೇಲೆ ವಿಷಯಕ್ಕೆ ಬಂದರು. "ಪುಸ್ತಕ ತರ್ರಿ, ಬ್ಯಾಡ ಅನ್ನಂಗಿಲ್ಲ. ಆ ಯೆರಿಕೋದ್ದು ಒಂದು ತೆಗೀರಿ. ದಾವೀದನ ಕಲ್ಲಿಂದು ಇರಲಿ, ಅದು ಚಲೋ ಅದ."

ಅವರು ಹೋದ ಮೇಲೆ ಮಾಸ್ತರರು ಚಹಾದ ಲೋಟ ಎತ್ತಿಟ್ಟರು. ಆಮೇಲೆ, "ಒಬ್ಬರಿಗಿ ತಲಿ ಅಷ್ಟ ಬೇಕು, ಒಬ್ಬರಿಗಿ ತಲಿ ಬಿಟ್ಟು ಮೈ ಬೇಕು. ಪುಸ್ತಕ ಅಂದ್ರ ಏನು, ಹಬ್ಬದ ಕುರಿ ಅಂತ ತಿಳಿದಾರೇನು?" ಎಂದರು. ಇಬ್ಬರಿಗೂ ಇಲ್ಲ ಎಂದು ಹೇಳಿ ಕಳಿಸಿದರು. ಬಂದರೆ ಇಡಿಯಾಗಿ, ಇಲ್ಲದಿದ್ದರೆ ಬೇಡ. ಬೇರೆ ಮುದ್ರಕರು ಸಿಕ್ಕಾಗ ತಂದರಾಯಿತೆಂದು ಹಸ್ತಪ್ರತಿಯನ್ನು ಮಾತ್ರ ವಕೀಲರ ಹತ್ತಿರವೇ ಬಿಟ್ಟಿದ್ದೆವು.

ನನಗೆ ಇಬ್ಬರೂ ಒಂದೇ ಬುದ್ಧಿ ಹೇಳಿದ್ದು ಇನ್ನೂ ನೆನಪಿದೆ. "ನೀವು ಬೌದ್ಧರು, ನಿಮಗ್ಯಾಕ ಅಕ್ಕೋರೆ ಅವರ ದೇವರ ಉಸಾಬರಿ?" ಎಂದು ವಕೀಲರು. "ನೀವು ಬೌದ್ಧರು, ನಿಮಗ್ಯಾಕ ತಂಗಿ ನಮ್ಮ ದೇವರ ಉಸಾಬರಿ?" ಎಂದು ಪಾಸ್ಟರ್. ಬೇರೆ ಯಾವುದರಲ್ಲೂ ಕೂಡದ ಇವರಿಬ್ಬರೂ ನನ್ನನ್ನು ಓಡಿಸುವುದರಲ್ಲಿ ಎಷ್ಟು ಚಂದ ಕೂಡಿದರು ಎಂದು ಆಗ ನಗು ಬಂದಿತ್ತು. ಆ ನಗು ಬಹಳ ದಿನ ಉಳಿಯಲಿಲ್ಲ.

ದಸರೆಯ ರಜೆಯಲ್ಲಿ, ಬೇರೆ ಮುದ್ರಕರು ಸಿಕ್ಕರೆ ಪುಸ್ತಕಕ್ಕಿರಲಿ ಎಂದು ಬೂದಿ ದಿಬ್ಬದ ಒಂದು ಫೋಟೋ ತೆಗೆಸಲು ಮತ್ತೆ ಹೋದೆವು. ಕಾಲುವೆಯ ದಂಡೆ ಹತ್ತುವಾಗಲೇ ಟ್ರ್ಯಾಕ್ಟರುಗಳ ಸದ್ದು ಕೇಳುತ್ತಿತ್ತು. ದಿಬ್ಬದ ಒಂದು ಮಗ್ಗುಲು ರೊಟ್ಟಿ ಮುರಿದ ಹಾಗೆ ಹೋಗಿತ್ತು. ಜೆಸಿಬಿ ಬಾಚಿ ಬಾಚಿ ಟ್ರಾಲಿಗೆ ತುಂಬುತ್ತಿತ್ತು. ಬೂದಿ ಎದ್ದು ಕಣ್ಣು, ಬಾಯಿಯೆಲ್ಲ ತುಂಬಿಕೊಂಡಿತು. ಒಡೆದ ಮಡಕೆ ಚೂರು, ದನದ ಎಲುಬು, ಕಲ್ಲಿನ ಕೊಡಲಿ, ಎಲ್ಲ ಒಂದೇ ಟ್ರಾಲಿಯಲ್ಲಿ ಸುತ್ತಲಿನ ಗದ್ದೆಗಳಿಗೆ ಗೊಬ್ಬರವಾಗಿ ಹೋಗುತ್ತಿದ್ದವು. ಮಾಳಪ್ಪ ಕುರಿಗಳನ್ನು ಕಾಲುವೆಯ ದಂಡೆಯ ಮೇಲೆ ನಿಲ್ಲಿಸಿಕೊಂಡು ನೋಡುತ್ತಿದ್ದ.

"ಯಾರ ಗದ್ದಿಗಿ ಹೊಂಟದ ಮಾಳಪ್ಪ?" ಎಂದು ಕೇಳಿದೆ.

"ವಕೀಲ್ರದ್ರಿ. ಸುತ್ತಲಿಂದೆಲ್ಲಾ ಅವರ ಖರೀದಿ ಮಾಡ್ಯಾರ. ದಿಬ್ಬನೂ ಮಟ್ಟ ಮಾಡಿ ಗದ್ದಿ ಮಾಡ್ತಾರಂತ. ನಮಗ ಹಟ್ಟಿ ಎಬ್ಬಸು ಅಂದ್ರು, ಎಬ್ಬಿಸಿದೆವು."

ಯಾವ ವಕೀಲರು ಎಂದು ಕೇಳಬೇಕಾಗಿರಲಿಲ್ಲ. ಪಂಪಿನ ಹೊಸ ಗುಡಿಸಲಿನ ಬಾಗಿಲಿಗೆ ಅದೇ ನೀಲಿ ತಗಡು ಹೊಡೆದಿದ್ದರು, ಅಕ್ಷರ ಒಳಮುಖ ಮಾಡಿ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು. ಮಾಸ್ತರರು ಒಂದು ಮಡಕೆ ಚೂರು ಎತ್ತಿಕೊಂಡು, ಒರೆಸಿ, ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟರು.

ನೇರ ವಕೀಲರ ಮನೆಗೆ ಹೋದೆವು. ಅವರು ಬಾಗಿಲಲ್ಲೇ ನಿಂತು ಮಾತಾಡಿದರು. "ಬೂದಿ ಅದರಿ ಅದು. ಹೊಲಕ್ಕ ಬೂದಿ ಹಾಕಬಾರದು ಅಂತ ಯಾವ ಕಾನೂನದಾಗ ಅದ?"

"ಬೋರ್ಡು ಇತ್ತಲ್ರಿ," ಎಂದೆ.

"ಬೋರ್ಡು? ಯಾವ ಬೋರ್ಡು? ಸಬೂತು ಎಲ್ಲದ? ಸಾಕ್ಷಿ ಎಲ್ಲದ?" ಎಂದರು. ಕೋರ್ಟಿನಲ್ಲಿ ಕೇಳುವ ದನಿಯಲ್ಲೇ ಕೇಳಿದರು, ಮುಖದ ಒಂದು ನರವೂ ಮಿಸುಕಲಿಲ್ಲ.

ನಾನು ಪುರಾತತ್ವ ಇಲಾಖೆಗೆ ದೂರು ಕೊಟ್ಟೆ. ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು, ವಕೀಲರ ಮನೆಯಲ್ಲಿ ಉಂಡರು, ಹೋದರು. ದೀಪಾವಳಿಯ ಹೊತ್ತಿಗೆ ದಿಬ್ಬ ಇದ್ದಲ್ಲಿ ನೀರು ನಿಲ್ಲಿಸಿದ್ದರು. ನಾಲ್ಕು ಸಾವಿರ ವರ್ಷ ಮಳೆಗಾಳಿಗೆ ಜಗ್ಗದೆ ಕೂತದ್ದನ್ನು ಇತಿಹಾಸ ವೇದಿಕೆಯ ಅಧ್ಯಕ್ಷರು ಒಂದು ಹಂಗಾಮಿನಲ್ಲಿ ಮುಗಿಸಿದರು. ಆ ದಾರಿಯಲ್ಲಿ ಬಸ್ಸು ಹೋದಾಗಲೆಲ್ಲ ನಾನು ಬೇರೆ ಕಡೆ ಮುಖ ಮಾಡಿ ಕೂರುತ್ತಿದ್ದೆ. ಕಾಲೇಜಿನಲ್ಲಿ ಶಿಲಾಯುಗದ ಪಾಠ ಬಂದರೆ ಬಾಯೆಲ್ಲ ಕಹಿಯಾಗುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಕ್ರಿಸ್‌ಮಸ್ಸಿಗೆ ಮುಂಚೆ ಯಾದಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನ್ನ ಕೈಗೂ ಒಂದು ಸಣ್ಣ ಪುಸ್ತಕ ತುರುಕಿದರು. ಹೆಸರು "ಗೋಡೆ ಇರಲಿಲ್ಲ". ಬರೆದವರು ಸಮುವೇಲಪ್ಪ ಮಾಸ್ತರ, ಯಾದಗಿರಿ. ಅಲ್ಲೇ ನಿಂತು ಓದಿದೆ. ನಮ್ಮ ಅಧ್ಯಾಯವೇ. ನಾವು ಸಿಕ್ಕಿಲ್ಲ ಎಂದು ಬರೆದಲ್ಲೆಲ್ಲ ಇರಲಿಲ್ಲ ಎಂದು ಮಾಡಿದ್ದರು. ಪಂಡಿತರ ಜಗಳ ಇಲ್ಲ, ದಾವೀದನ ಕಲ್ಲು ಇಲ್ಲ. ಬೂದಿ ದಿಬ್ಬದ ಮಾತಂತೂ ಇಲ್ಲವೇ ಇಲ್ಲ. ಕೊನೆಗೆ ಯಾರದೋ ಹೊಲಸು ಹಾಸ್ಯ ಸೇರಿಸಿದ್ದರು. ಅದನ್ನು ಇಲ್ಲಿ ಬರೆದು ನನ್ನ ಕೈ ಕೆಡಿಸಿಕೊಳ್ಳಲಾರೆ.

ನಾನು ಮಾಸ್ತರರ ಮನೆ ಮುಟ್ಟುವಷ್ಟರಲ್ಲಿ ಪುಸ್ತಕ ಅಲ್ಲಿಗೆ ತಲುಪಿತ್ತು. ಮಾಸ್ತರರು ಗೋಡೆಗೆ ಒರಗಿ ಕೂತಿದ್ದರು. ಮಾರ್ತಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಒಂದು ಪುಟ ಮುಗಿಸಿ ಕನ್ನಡಕ ತೆಗೆದರು. "ಇದು ನಿಮ್ಮ ಮಾತಲ್ಲ. ಇದನ್ನ ನಾ ಕೇಳಿಲ್ಲ," ಎಂದರು.

ಕ್ರಿಸ್‌ಮಸ್ ಆರಾಧನೆಯಲ್ಲಿ ಹಳೆ ಒಡಂಬಡಿಕೆಯ ಪಾಠ ಓದುವುದು ಪ್ರತಿ ವರ್ಷ ಮಾಸ್ತರರೇ. ಅವರ ದನಿಗೆಂದೇ ಹಳ್ಳಿಗಳಿಂದ ಜನ ಬರುತ್ತಿದ್ದರು. ಆ ವರ್ಷ ನಾನೂ ಅವರ ಜೊತೆ ಹೋಗಿದ್ದೆ, ಗಂಡ ಹೆಂಡತಿ ಇಬ್ಬರೇ ಹೋಗುವುದು ಬೇಡವೆಂದು. ನಾವು ಕೂತ ಸಾಲಿನಿಂದ ಒಂದು ಮನೆಯವರು ಎದ್ದು ಬೇರೆ ಕಡೆ ಹೋಗಿ ಕೂತರು. ಅವರ ಮಕ್ಕಳಿಗೆ ಅಕ್ಷರ ಕಲಿಸಿದವರು ಇದೇ ಮಾಸ್ತರರು. ಪಾಠ ಓದಲು ಪಾಸ್ಟರ್ ಬೇರೊಬ್ಬನನ್ನು ಕರೆದರು. ಮಾಸ್ತರರು ಅರ್ಧ ಎದ್ದವರು ಹಾಗೇ ಕೂತರು. ಕೈಯಲ್ಲಿ ಬೈಬಲ್ಲಿನ ಪುಟ ಗುರುತು ಮಾಡಿಕೊಂಡು ತಂದಿದ್ದರು. ಆ ಗುರುತಿನ ಕಾಗದವನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಆಶೀರ್ವಾದ ಮುಗಿದು ಜನ ಏಳುವಾಗ ಮಾರ್ತಮ್ಮ ಎದ್ದು ನಿಂತರು. ಎಂದೂ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ.

"ನನ್ನ ಮಾತು ಒಂದು ಕೇಳ್ರಿ. ನಮ್ಮ ಮನಿಯವರು ಬರೆದ ಪುಸ್ತಕದಾಗಿನ ಒಂದೊಂದು ಸಾಲೂ ನಾ ಕೇಳೀನಿ. ನಾ ಹ್ಞೂಂ ಅಂದ ಮ್ಯಾಲನ ಬರೆದಾರ. ಬಸ್‌ಸ್ಟ್ಯಾಂಡಿನ್ಯಾಗ ಹಂಚ್ಯಾರಲ್ಲ, ಅದು ನಾ ಕೇಳಿದ್ದಲ್ಲ. ಗ್ವಾಡಿ ಇರಲಿಲ್ಲ ಅಂತ ಇವರು ಅಂದಿಲ್ಲ, ಸಿಕ್ಕಿಲ್ಲ ಅಂದಾರ. ಬೇಕಿದ್ದರ ನನಗ ಕೇಳ್ರಿ, ಈಗ ಹೇಳ್ತೀನಿ."

ಪಾಸ್ಟರ್ ಮು‌ಗುಳ್ನಕ್ಕು, "ಹಬ್ಬದ ದಿನ ಯಾಕಮ್ಮ ಅದೆಲ್ಲಾ, ನಡೀರಿ, ಕೇಕ್ ತಗೋರಿ," ಎಂದರು. ಜನ ಕೇಕಿನ ಕಡೆ ನಡೆದರು. ಆ ಕ್ಷಣ ಆ ಪಾಸ್ಟರರ ಮುಖದಲ್ಲಿ ನಾನು ಕಂಡದ್ದು ದುಃಖವಲ್ಲ, ನಿರಾಳ. ಪುಸ್ತಕ ನಿಂತಿತು, ಅದೂ ತಾವು ಕೈ ಹಚ್ಚದೆ. ವಕೀಲರ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ನನಗೆ ಅವತ್ತು ಬಂತು. ವಕೀಲರು ಕದ್ದರು, ಸರಿ. ಇವರು ಕದ್ದ ಮಾಲನ್ನೇ ಸಬೂತು ಎಂದು ಒಪ್ಪಿಕೊಂಡರು.

ಹೊಸ ವರ್ಷದಲ್ಲಿ ಹಸ್ತಪ್ರತಿ ವಾಪಸ್ ಕೇಳಲು ನಾನೂ ಮಾಸ್ತರರೂ ಮುದ್ರಣಾಲಯಕ್ಕೆ ಹೋದೆವು. ಹೊರಗೆ ಹೊಸ ಭತ್ತದ ಚೀಲಗಳನ್ನು ಒಟ್ಟಿದ್ದರು. ವಕೀಲರು ಒಳಗೆ ಹೋಗಿ, ಹುಡುಕಿದಂತೆ ಮಾಡಿ, ಹೊರಗೆ ಬಂದರು.

"ಸಿಕ್ಕಿಲ್ರಿ ಮಾಸ್ತರ," ಎಂದರು.

ಅದೇ ಮಾತು. ವರ್ಷವಿಡೀ ನಾವು ಕಾದು ಕಾಪಾಡಿದ ಮಾತನ್ನು, ವಕೀಲರು ತಮ್ಮ ಸಣ್ಣ ಪುಸ್ತಕದಿಂದ ಒಂದು ಕಡೆಯೂ ಬಿಡದೆ ಅಳಿಸಿ ಹಾಕಿದ ಮಾತನ್ನು, ತಮಗೆ ಬೇಕಾದಾಗ ಎಷ್ಟು ಸಲೀಸಾಗಿ ಎತ್ತಿಕೊಂಡರು ಎಂದು ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ಮಾಡಿದೆ. ಕೂಗಾಡಿದೆ. ಮಾಸ್ತರರು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. "ಸಿಕ್ಕಿಲ್ಲ ಅಂದಾರ ಅಕ್ಕೋರೆ. ಇಲ್ಲ ಅಂದಿಲ್ಲ," ಎಂದರು. ಹಾಸ್ಯ ಮಾಡಲು ನೋಡಿದರು.

ಹಸ್ತಪ್ರತಿ ಸಿಗಲೇ ಇಲ್ಲ. ಮತ್ತೆ ಬರೆಯೋಣ ಎಂದು ನಾನು ಎಷ್ಟೋ ಸಲ ಹೇಳಿದೆ. ಮಾಸ್ತರರ ಕಣ್ಣು ಮಂಜಾಗಿತ್ತು. ಮನಸ್ಸೂ ಹಿಂದೆ ಸರಿದಿತ್ತು. ಸಭೆಯಲ್ಲಿ ಅವರನ್ನು ಮತ್ತೆ ಪಾಠ ಓದಲು ಯಾರೂ ಕರೆಯಲಿಲ್ಲ. ಹೀಗೇ ಕೆಲವು ವರ್ಷ ಇದ್ದು ತೀರಿಕೊಂಡರು. ಮಣ್ಣು ಮಾಡುವಾಗ ಪಾಸ್ಟರ್ ಅವರನ್ನು ನಂಬಿಗಸ್ತ ಸೇವಕ ಎಂದು ಹೊಗಳಿದರು. ನಾನು ಒಂದು ಹಿಡಿ ಮಣ್ಣು ಹಾಕಿ ಹೊರಟು ಬಂದೆ.

ಹೋದ ತಿಂಗಳು ಊಟ ಬಿಟ್ಟು ಎದ್ದು ಬಂದವಳು ಬಸ್ ನಿಲ್ದಾಣದಲ್ಲಿ ಕೂತು ವಕೀಲರ ಪುಸ್ತಕ ತೆರೆದೆ. ಪ್ರಾಚೀನ ಕಾಲದ ಅಧ್ಯಾಯದಲ್ಲಿ ನಾನು ಹುಡುಕುತ್ತಿದ್ದ ಸಾಲು ಕಾಣಿಸಿತು. ಮನೆಗೆ ಹೋಗುವ ಬಸ್ಸು ಬಿಟ್ಟು ಸುರಪುರದ ಬಸ್ಸು ಹತ್ತಿದೆ. ಕಾಲುವೆಯ ಹತ್ತಿರ ಇಳಿದು ದಂಡೆಯ ಮೇಲೆ ನಡೆದೆ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಆ ಕಡೆಗೆ ಮುಖ ಮಾಡಿ ನೋಡಿದೆ. ಕಣ್ಣು ಹಾಯುವಷ್ಟು ದೂರ ಭತ್ತ, ಒಂದೇ ಬಣ್ಣ. ನಡುವೆ ಒಂದು ಕಡೆ ಮಾತ್ರ ಪೈರು ಕಡುಹಸಿರಾಗಿ, ಸುತ್ತಲಿನದಕ್ಕಿಂತ ಎತ್ತರಕ್ಕೆ ಬೆಳೆದು, ಗುಂಡಗೆ ನಿಂತಿತ್ತು. ದಿಬ್ಬ ಎಲ್ಲಿ ಶುರುವಾಗುತ್ತಿತ್ತೋ ಅಲ್ಲಿಂದ, ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಯವರೆಗೆ.

ಅಲ್ಲಿಂದ ಯಾದಗಿರಿಗೆ, ಮಾರ್ತಮ್ಮನವರ ಮನೆಗೆ ಹೋದೆ. ಅವರಿಗೆ ಈಗ ಓದಲು ಆಗುವುದಿಲ್ಲ, ಕಿವಿ ಮಾತ್ರ ಚುರುಕು. ಜೊತೆಗಿರುವ ತಂಗಿಯ ಮಗಳು ಚಹಾ ತಂದುಕೊಟ್ಟಳು. ಮಾರ್ತಮ್ಮ ಮೊರ ಮುಂದಿಟ್ಟುಕೊಂಡು, ಕೈಯಿಂದಲೇ ತಡವಿ ಬೇಳೆಯ ಕಲ್ಲು ತೆಗೆಯುತ್ತಿದ್ದರು. ವಕೀಲರ ಪುಸ್ತಕ ತಂದಿದ್ದೇನೆ ಎಂದೆ.

"ಓದ್ರಿ," ಎಂದರು.

ಓದಿದೆ: "ನಮ್ಮ ಭಾಗದಲ್ಲಿ ಬೂದಿ ದಿಬ್ಬವಿತ್ತು ಎಂಬುದು ಕೇವಲ ಕಟ್ಟುಕಥೆ. ಅಂಥದ್ದು ಇಲ್ಲಿ ಎಂದೂ ಇರಲಿಲ್ಲ."

ಮೊರದ ಮೇಲೆ ಓಡಾಡುತ್ತಿದ್ದ ಕೈ ನಿಂತಿತು. "ನೀವು ಆ ಕಡಿ ಹೋಗಿದ್ರೇನು?"

"ಅಲ್ಲಿಂದನ ಬಂದೀನ್ರಿ."

"ಏನರ ಕಾಣ್ತದೇನು?"

"ಪೈರಿನ್ಯಾಗ ಗುರುತು ಅದರಿ. ಗುಂಡಗ, ಬರೋಬ್ಬರಿ ದಿಬ್ಬದಷ್ಟ."

"ಹಂಗಾದ್ರ ಹೊಡೀರಿ ಆ ಸಾಲು," ಎಂದರು.

ಚೀಲದಿಂದ ಪೆನ್ನು ತೆಗೆದು ಹೊಡೆದೆ. ಹೊಸ ಕಾಗದ, ನುಣ್ಣಗಿತ್ತು. ಒತ್ತಿ ಎಳೆದದ್ದಕ್ಕೆ ಸ್ವಲ್ಪ ಹರಿಯಿತು. ಆ ಸದ್ದು ಅವರಿಗೆ ಕೇಳಿಸಿತೇನೋ. ಮೊರವನ್ನು ತೊಡೆಯ ಮೇಲೆ ಸರಿ ಮಾಡಿಕೊಂಡು ಕೂತರು.

"ಮುಂದಿಂದು ಓದ್ರಿ," ಎಂದರು ಮಾರ್ತಮ್ಮ.